ಹಿಮ್ಮಡಿ ಕೆಳಗೆ!

ಕುದುರೆ ಕಂಡರೆ ಕಾಲು ನೋವು ಅಂತ ಗಾದೆ ಇದೆಯಲ್ಲ, ಅದನ್ನು ಸೋಮಾರಿಗಳ ಮೇಲೆ ಕಟ್ಟಿದ್ದು ಅಂತ ಎಲ್ಲರೂ ತಿಳಿದಿದ್ದಾರೆ. ನನಗೇನೋ ಅನುಮಾನ. ಗಾದೆ ಕಟ್ಟಿದವನ ಕಾಲ ಮೇಲೆ ಆ ಹೊತ್ತಿಗೆ ಒಂದು ಕುದುರೆ ನಿಂತಿರಬೇಕು.

ಈ ಬೇಸಿಗೆಯ ಮೊದಲ ದಿನವೇ ನನ್ನ ಕಾಲ ಮೇಲೂ ನಿಂತಿತು. ಸುಲ್ತಾನ, ತೂಕ 450 ಕೆಜಿ. ಮುಂಗಾಲಿನ ಗೊರಸನ್ನು ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ಊರಿ, ದೂರದ ಬೇಲಿ ನೋಡುತ್ತಾ ಏನೋ ಯೋಚನೆಗೆ ಬಿದ್ದ. ನಾನು ತಳ್ಳಿದೆ. ತಳ್ಳಿದರೆ ಕುದುರೆ ಸರಿಯುವುದಿಲ್ಲ, ತಿರುಗಿ ನಮ್ಮ ಮೇಲೇ ಒರಗುತ್ತದೆ. ಇದನ್ನು ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಡುತ್ತಾ ಬಂದವಳು ನಾನೇ. ಆದರೆ ಹೆಬ್ಬೆರಳು ಅಡಿಯಲ್ಲಿ ಸಿಕ್ಕಾಗ ಪಾಠ ಯಾರಿಗೆ ನೆನಪಿರುತ್ತೆ ಹೇಳಿ?

ಅದೇ ರಾತ್ರಿ ಹೊಸ ನೋಟ್‌ಬುಕ್ ತೆರೆದೆ. ದಿನಕ್ಕೊಂದು ಪುಟ ಬರೆದೇ ತೀರುತ್ತೇನೆ ಅಂತ ಈ ಸಲ ನಾಲ್ಕು ಜನರ ಮುಂದೆ ಹೇಳಿಬಿಟ್ಟಿದ್ದೆ. ಕಾಲಿಗೆ ಐಸ್ ಇಟ್ಟುಕೊಂಡು ಶುರು ಮಾಡಿದೆ. ‘ಬೆಳಗಿನ ಹೊತ್ತು ಲಾಯಕ್ಕೆ ಒಂದು ಬೆಚ್ಚಗಿನ’ ಎಂಬಲ್ಲಿಗೆ ನಿದ್ದೆ ಬಂತು. ಬೆಳಿಗ್ಗೆ ಎದ್ದರೆ ಕೆನ್ನೆ ಮೇಲೆ ಪೆನ್ನಿನ ಗೀಟು. ಬೆಚ್ಚಗಿನ ಏನು ಅಂತ ಬೇಸಿಗೆ ಮುಗಿಯುವವರೆಗೂ ಹೊಳೆಯಲಿಲ್ಲ.

ಸವಾರಿ ಕಲಿಸುವವರ ಬೇಸಿಗೆ ಅಂದರೆ ಮಕ್ಕಳಿಗೆ ರಜೆ, ಅಪ್ಪ ಅಮ್ಮಂದಿರಿಗೆ ರಜೆ, ನಮಗೆ ಬೆನ್ನುನೋವು. ಬಿಸಿಲು ಏರುವ ಮೊದಲು ಎರಡು ತರಗತಿ, ಇಳಿದ ಮೇಲೆ ಮೂರು. ಕುದುರೆಗೆ ಅಷ್ಟು ದೊಡ್ಡ ಮೈ ಇದ್ದರೂ ಜಠರ ಮಾತ್ರ ಹೆಚ್ಚೆಂದರೆ 15 ಲೀಟರ್‌ನದ್ದು. ಹಾಗಾಗಿ ಒಂದೇ ಸಲ ತಿನ್ನಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ, ದಿನವಿಡೀ ಸ್ವಲ್ಪ ಸ್ವಲ್ಪ ಹಾಕುತ್ತಿರಬೇಕು. ಒಳಗೆ ಹೋದದ್ದು ಹೊರಗೆ ಬರುವ ವಿಷಯದಲ್ಲಿ ಮಾತ್ರ ಯಾವ ಜಿಪುಣತನವೂ ಇಲ್ಲ. ಒಂದು ದೊಡ್ಡ ಕುದುರೆ ದಿನಕ್ಕೆ ಸುಮಾರು 15 ಕೆಜಿ ಲದ್ದಿ ಹಾಕುತ್ತದೆ. ನಮ್ಮಲ್ಲಿ ದೊಡ್ಡವು ಐದು, ಪೋನಿಗಳು ಮೂರು. ಲೆಕ್ಕ ನೀವೇ ಹಾಕಿ. ನಾನು ಸಲಿಕೆಯಲ್ಲಿ ಹಾಕುತ್ತಿದ್ದೆ.

ಮಧ್ಯಾಹ್ನ ಬರೆಯಬಹುದಿತ್ತಲ್ವಾ ಅಂತ ಕೇಳುತ್ತೀರಿ. ಮಧ್ಯಾಹ್ನ ಫೋನ್ ಬರುವ ಹೊತ್ತು. ‘ಮೂರು ದಿನ ಆಯ್ತಲ್ಲ, ನಮ್ಮವನು ನಾಗಾಲೋಟ ಯಾವಾಗ ಓಡಿಸ್ತಾನೆ?’ ಅವರವನು ಇನ್ನೂ ಕುದುರೆಯ ಮುಖ ಯಾವ ಕಡೆ ಅಂತ ನೋಡಿಕೊಂಡು ಕೂರುವ ಹಂತದಲ್ಲಿದ್ದ. ಅದನ್ನು ಹೇಗೆ ಹೇಳುವುದು? ‘ಚೆನ್ನಾಗಿ ಕೂರ್ತಾನೆ’ ಎನ್ನುತ್ತಿದ್ದೆ. ಸುಳ್ಳಲ್ಲ.

ಗಂಟಲು ಎರಡನೇ ವಾರಕ್ಕೇ ಕೈಕೊಟ್ಟಿತು. ಕಾರಣ ಎರಡೇ ಪದ: ಹಿಮ್ಮಡಿ ಕೆಳಗೆ. ರಿಕಾಪಿನಲ್ಲಿ, ಅಂದರೆ ಜೀನಿನಿಂದ ಇಳಿಬಿದ್ದ ಕಾಲಿಡುವ ಬಳೆಯಲ್ಲಿ, ಪಾದದ ಮುಂಭಾಗ ಮಾತ್ರ ಇರಬೇಕು, ಹಿಮ್ಮಡಿ ಕೆಳಗಿಳಿದಿರಬೇಕು. ಇಲ್ಲದಿದ್ದರೆ ಪಾದ ಪೂರ್ತಿ ಒಳಗೆ ಜಾರಿ, ಬಿದ್ದಾಗ ಕಾಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆದರೆ ಹೆದರಿದ ಮಗು ಮೊದಲು ಮಾಡುವ ಕೆಲಸವೇ ಹಿಮ್ಮಡಿ ಎತ್ತುವುದು. ಹಾಗಾಗಿ ದಿನಕ್ಕೆ ನೂರಾರು ಸಲ ಕೂಗಬೇಕು. ಬಾಯಿಗೆ ಎಷ್ಟು ರೂಢಿಯಾಯಿತು ಅಂದರೆ, ಒಂದು ಸಂಜೆ ಅಟ್ಟದ ಮೇಲಿನ ಡಬ್ಬಕ್ಕೆ ತುದಿಗಾಲಲ್ಲಿ ನಿಂತು ಕೈಚಾಚಿದ್ದ ಗಂಡನನ್ನು ನೋಡಿ, ‘ಹಿಮ್ಮಡಿ ಕೆಳಗೆ!’ ಎಂದು ಗುಡುಗಿಬಿಟ್ಟೆ. ಪಾಪ, ತಕ್ಷಣ ಇಳಿಸಿದರು. ಡಬ್ಬವೂ ಜೊತೆಗೇ ಇಳಿಯಿತು, ತಲೆ ಮೇಲೆ.

ಮಕ್ಕಳ ಪ್ರಶ್ನೆಗಳು ಬೇರೆ. ಎಡಗಡೆಯಿಂದಲೇ ಯಾಕೆ ಹತ್ತಬೇಕು ಅಂತ ಎಂಟು ವರ್ಷದ ಒಬ್ಬ ಹುಡುಗ ಕೇಳಿದ. ಹಿಂದೆ ಸೈನಿಕರು ಕತ್ತಿಯನ್ನು ಎಡಸೊಂಟಕ್ಕೆ ಕಟ್ಟುತ್ತಿದ್ದರಂತೆ, ಬಲಗಡೆಯಿಂದ ಹತ್ತಿದರೆ ಅದು ಕಾಲಿಗೆ ಅಡ್ಡ ಬರುತ್ತಿತ್ತಂತೆ ಎಂದೆ. ಅವನು ತನ್ನ ಸೊಂಟ ನೋಡಿಕೊಂಡ. ‘ನನ್ನ ಹತ್ರ ಕತ್ತಿ ಇಲ್ಲ ಮಿಸ್’ ಎಂದು ನೇರವಾಗಿ ಬಲಗಡೆಗೆ ಹೊರಟ. ಈ ಹುಡುಗನನ್ನು ನೆನಪಿಟ್ಟುಕೊಳ್ಳಿ.

ಈಗ ಆ ದಿನದ ಕಥೆಗೆ ಬರುತ್ತೇನೆ. ಮುಚ್ಚಿಡೋಣ ಅಂದುಕೊಂಡಿದ್ದೆ, ಆದರೆ ಹನ್ನೊಂದು ಮಕ್ಕಳು ನೋಡಿದ್ದಾರೆ.

ಅವತ್ತಿನ ಪಾಠ ಜೀನು ಬಿಗಿಯುವುದು. ಕುದುರೆ ಹೊಟ್ಟೆಯ ಕೆಳಗೆ ಬರುವ ಪಟ್ಟಿಯನ್ನು ಎಳೆಯುವಾಗ ಕೆಲವು ಕುದುರೆಗಳು ಮೈ ಬಿಗಿದು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ. ನಮಗೆ ಪಟ್ಟಿ ಬಿಗಿಯಾದ ಹಾಗೆ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಉಸಿರು ಬಿಟ್ಟರೆ ಸಡಿಲ. ‘ಅದಕ್ಕೇ ನಾಲ್ಕು ಹೆಜ್ಜೆ ನಡೆಸಿ, ಹತ್ತುವ ಮೊದಲು ಇನ್ನೊಂದು ಸಲ ನೋಡಬೇಕು. ಏನು ಮಾಡಬೇಕು?’ ಮಕ್ಕಳು ಒಟ್ಟಾಗಿ, ‘ಇನ್ನೊಂದು ಸಲ ನೋಡಬೇಕು!’ ಭೇಷ್ ಎಂದೆ. ಅಷ್ಟರಲ್ಲಿ ಬೇಲಿಯಾಚೆಯಿಂದ ಒಬ್ಬ ತಂದೆ ಹೆಲ್ಮೆಟ್ ಅಳತೆ ಬಗ್ಗೆ ಏನೋ ಕೇಳಿದರು. ಉತ್ತರ ಕೊಡುತ್ತಲೇ ಸುಲ್ತಾನನ ರಿಕಾಪಿಗೆ ಎಡಗಾಲಿಟ್ಟು ಮೇಲೆದ್ದೆ. ಇನ್ನೊಂದು ಸಲ ನೋಡಲಿಲ್ಲ.

ಬೇಗ ಬಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಇದು ಹಾಗಾಗಲಿಲ್ಲ. ನನ್ನ ಭಾರಕ್ಕೆ ಜೀನು ಎಡಕ್ಕೆ ಸರಿಯತೊಡಗಿತು. ನಿಧಾನವಾಗಿ, ಗಡಿಯಾರದ ಮುಳ್ಳಿನ ಹಾಗೆ. ಬಲಗಾಲು ಅರ್ಧ ದಾರಿಯಲ್ಲಿತ್ತು. ಹಿಂದಕ್ಕೆ ತರುವಂತಿಲ್ಲ, ಮುಂದಕ್ಕೆ ಹಾಕುವಂತಿಲ್ಲ. ಜೂಲು ಹಿಡಿದುಕೊಂಡೆ. ಕೂದಲು ಬೆರಳ ಸಂದಿಯಿಂದ ಒಂದೊಂದಾಗಿ ಜಾರುವುದು ತಿಳಿಯುತ್ತಿತ್ತು. ಮೊದಲು ಸುಲ್ತಾನನ ಕತ್ತು ಕಂಡಿತು, ಆಮೇಲೆ ಭುಜ, ಆಮೇಲೆ ಹೊಟ್ಟೆಯ ಅಡಿ. ಅಲ್ಲಿ ಒಂದು ನೊಣ ಕೂತಿತ್ತು. ಆಮೇಲೆ ಆಕಾಶ. ಸುಲ್ತಾನ ಒಂದು ಹೆಜ್ಜೆಯೂ ಅಲುಗಾಡಲಿಲ್ಲ. ಒಂದು ಕಿವಿಯನ್ನು ಮಾತ್ರ ನನ್ನ ಕಡೆ ತಿರುಗಿಸಿದ, ಮುಗೀತಾ ಎನ್ನುವ ಹಾಗೆ. ತಪ್ಪಿಲ್ಲದೆ ಹೇಳಬೇಕೆಂದರೆ ನನ್ನ ಹಿಮ್ಮಡಿ ಮಾತ್ರ ಕೊನೆಯವರೆಗೂ ಕೆಳಗೇ ಇತ್ತು. ಹಾಗಾಗಿ ಕಾಲು ಸಿಕ್ಕಿಕೊಳ್ಳದೆ ಸಲೀಸಾಗಿ ಬಿಡಿಸಿಕೊಂಡಿತು.

ಮಣ್ಣಲ್ಲಿ ಮಲಗಿದ್ದೆ. ಪೂರಾ ಮೌನ. ಕತ್ತಿ ಇಲ್ಲದ ಹುಡುಗ ಕೈ ಎತ್ತಿದ. ‘ಮಿಸ್, ನಾವೂ ಹೀಗೇ ಇಳೀಬೇಕಾ?’

ಇದನ್ನಾದರೂ ಬರೆಯೋಣ ಅಂತ ಮಾರನೇ ದಿನ ನೋಟ್‌ಬುಕ್ಕನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಸಿಕ್ಕಿಸಿಕೊಂಡು ಲಾಯಕ್ಕೆ ಹೋದೆ. ಬಿಡುವು ಸಿಕ್ಕಾಗಲೆಲ್ಲ ಎರಡು ಸಾಲು. ಸಂಜೆಯೊಳಗೆ ನಾಲ್ಕು ಪುಟ ತುಂಬಿದವು, ಅದೂ ಒಳ್ಳೆಯ ನಾಲ್ಕು ಪುಟ. ಖುಷಿಯಲ್ಲಿ ಚುಕ್ಕಿಯ ಗೊರಸು ಕೆರೆಯಲು ಅವಳ ಬಾಲದ ಕಡೆ ಮುಖ ಮಾಡಿ ಬಗ್ಗಿದೆ. ಚುಕ್ಕಿ ನಮ್ಮ ಅತಿ ಚಿಕ್ಕ ಪೋನಿ. ಕುದುರೆಗೆ ತನ್ನ ಮೂಗಿನ ಕೆಳಗೆ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಮೀಸೆ, ತುಟಿಗಳಿಂದ ತಡಕಿ ತಿಳಿದುಕೊಳ್ಳುತ್ತದೆ. ಚುಕ್ಕಿ ತಡಕಿದಳು. ಕ್ಯಾರೆಟ್ ಅಲ್ಲ ಅಂತ ಗೊತ್ತಾದ ಮೇಲೂ ನಿಲ್ಲಿಸಲಿಲ್ಲ. ಪರ್‌ ಎಂದು ಶಬ್ದ ಕೇಳಿ ತಿರುಗಿದರೆ, ಬಾಯಲ್ಲಿ ಕಾಗದ, ಮುಖದಲ್ಲಿ ಯಾವ ಪಶ್ಚಾತ್ತಾಪವೂ ಇಲ್ಲ. ಎಳೆದೆ. ಅರ್ಧಚಂದ್ರದ ಆಕಾರದಲ್ಲಿ ಕಚ್ಚಿದ ನೋಟ್‌ಬುಕ್ ನನಗೆ ಬಂತು. ನಾಲ್ಕೂ ಪುಟ ಅವಳಿಗೆ ಹೋದವು.

ಆಮೇಲೆ ನಿಜಕ್ಕೂ ಹೆದರಿದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ನುಂಗಿದ್ದು ಮುಂದಕ್ಕೇ ಹೋಗಬೇಕು. ಎಲ್ಲಾದರೂ ತಡೆದು ನಿಂತರೆ ಹೊಟ್ಟೆನೋವು, ಅದು ಕುದುರೆಗಳಲ್ಲಿ ಪ್ರಾಣಕ್ಕೇ ಬರಬಹುದು. ವೈದ್ಯರಿಗೆ ಫೋನ್ ಮಾಡಿದೆ. ನಾಲ್ಕು ಪುಟಕ್ಕೆ ಏನೂ ಆಗಲಿಕ್ಕಿಲ್ಲ, ಆದರೂ ಕಣ್ಣಿಟ್ಟಿರಿ ಎಂದರು. ರಾತ್ರಿ ಹನ್ನೊಂದರವರೆಗೆ ಅವಳ ಪಕ್ಕೆಗೆ ಕಿವಿಯಿಟ್ಟು ನಿಂತಿದ್ದೆ. ಒಳಗೆ ಗುಡುಗುಡು ಕೇಳುತ್ತಿದ್ದರೆ ಕರುಳು ಕೆಲಸ ಮಾಡುತ್ತಿದೆ ಅಂತ ಅರ್ಥ, ಸದ್ದು ನಿಂತರೆ ಗಾಬರಿಯಾಗಬೇಕು. ಗುಡುಗುಡು ಚೆನ್ನಾಗಿಯೇ ಇತ್ತು. ನನ್ನ ಬರಹಕ್ಕೆ ಇಷ್ಟು ಒಳ್ಳೆಯ ಪ್ರತಿಕ್ರಿಯೆ ಯಾವತ್ತೂ ಬಂದಿರಲಿಲ್ಲ. ಹಾಗೇ ಕಣ್ಣು ಮುಚ್ಚಿತು. ಕುದುರೆಗಳು ನಿಂತೇ ತೂಕಡಿಸುತ್ತವಲ್ಲ, ಅವುಗಳ ಕಾಲಿನ ಕೀಲುಗಳಿಗೆ ಒಂದು ಬೀಗ ಇದ್ದ ಹಾಗೆ. ನನ್ನ ಮೊಣಕಾಲಿಗೆ ಬೀಗ ಇಲ್ಲ. ಹುಲ್ಲಿನ ಮೇಲೆ ಬಿದ್ದಿದ್ದರಿಂದ ಪೆಟ್ಟಾಗಲಿಲ್ಲ.

ನಾಲ್ಕು ಪುಟ ಎರಡು ದಿನದಲ್ಲಿ ಸಲಿಕೆಗೆ ಬಂತು. ಮತ್ತೆ ಓದಲು ಹೋಗಲಿಲ್ಲ.

ಉಳಿದ ಬೇಸಿಗೆ ಹೇಗೆ ಕಳೆಯಿತೋ ಗೊತ್ತಿಲ್ಲ. ಒಂದು ಲಾಳ ಕಳಚಿತು, ಎರಡು ಹೆಲ್ಮೆಟ್ ಕಳೆದವು, ಒಂದು ಸಿಕ್ಕಿತು. ಅಳುತ್ತಾ ಬಂದಿದ್ದ ಹುಡುಗಿ ಅಳುತ್ತಾ ಹೋದಳು, ಬಂದಾಗ ಕುದುರೆ ಬೇಡ ಅಂತ, ಹೋಗುವಾಗ ಬಿಟ್ಟು ಹೋಗಲ್ಲ ಅಂತ. ನನ್ನ ಹೆಬ್ಬೆರಳ ಉಗುರು ಕಪ್ಪಾಗಿ, ಬಿದ್ದು, ಹೊಸದು ಇಣುಕಿತು.

ಕೊನೆಯ ದಿನ ಕತ್ತಿ ಇಲ್ಲದ ಹುಡುಗ ಒಂದು ಪುಸ್ತಕ ಹಿಡಿದುಕೊಂಡು ಬಂದ. ಶಾಲೆಯವರು ರಜೆಯ ಬಗ್ಗೆ ಬರೆದುಕೊಂಡು ಬರಲು ಹೇಳಿದ್ದರಂತೆ. ಎಂಟು ಪುಟ ಬರೆದಿದ್ದ! ಮೂರನೇ ಪುಟದಲ್ಲಿ ಚಿತ್ರ. ಒಂದು ಕುದುರೆ, ಅದರ ಹೊಟ್ಟೆಯ ಕೆಳಗೆ ಬಾವಲಿಯ ಹಾಗೆ ನೇತಾಡುತ್ತಿರುವ ಹೆಂಗಸು. ಕೆಳಗೆ ದುಂಡಗೆ ಬರೆದಿದ್ದ: ‘ನಮ್ಮ ಮಿಸ್ ನಿಧಾನವಾಗಿ ಬೀಳುವುದನ್ನು ಕಲಿಸಿದರು.’ ನೊಣವನ್ನೂ ಬಿಟ್ಟಿರಲಿಲ್ಲ.

‘ನೀವೂ ಬರೀತೀನಿ ಅಂದಿದ್ರಲ್ಲ ಮಿಸ್, ತೋರ್ಸಿ’ ಎಂದ.

ಅರ್ಧಚಂದ್ರದ ನೋಟ್‌ಬುಕ್ ತೋರಿಸಿದೆ. ಚುಕ್ಕಿ ಓದಿ ಮುಗಿಸಿದಳು ಎಂದೆ.

ಅವನು ಗಂಭೀರವಾಗಿ ಚುಕ್ಕಿಯ ಕಡೆ ತಿರುಗಿದ. ‘ಇಷ್ಟ ಆಯ್ತಂತಾ?’

ಚುಕ್ಕಿ ಆಗಲೇ ಬಾಗಿಲ ಮೇಲಿನಿಂದ ಕತ್ತು ಚಾಚಿ, ಅವನ ಎಂಟು ಪುಟಗಳ ಕಡೆಗೆ ತುಟಿ ನೀಡುತ್ತಿದ್ದಳು.