ಸೇಂಟ್ ಕಿಲ್ಡಾದಲ್ಲಿ ನೆನಪಾದ ನೇತ್ರಾಣಿ

ಸ್ಕಾಟ್ಲೆಂಡಿನ ನಮ್ಮ ಕನ್ನಡ ಕೂಟದಲ್ಲಿ ಪ್ರವಾಸದ ಮಾತು ಎದ್ದರೆ ಸಾಕು, ಯಾರಾದರೊಬ್ಬರು ಹಳೇ ರಾಗ ತೆಗೆಯುತ್ತಾರೆ: "ಇಲ್ಲಿ ನೋಡಿ ಎಷ್ಟು ಕ್ಲೀನು, ನಮ್ಮವರಿಗೆ ಶಿಸ್ತೇ ಇಲ್ಲ." ನಾನೂ ತಲೆಯಾಡಿಸುತ್ತಿದ್ದೆ. ಸೇಂಟ್ ಕಿಲ್ಡಾ ದ್ವೀಪಕ್ಕೆ ಹೋಗಿಬಂದ ಮೇಲೆ ಆಡಿಸುತ್ತಿಲ್ಲ.

ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಹೊರ ಹೆಬ್ರಿಡೀಸ್ ದ್ವೀಪಗಳಿಂದ ಇನ್ನೂ ಸುಮಾರು 65 ಕಿ.ಮೀ. ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ನಡುವೆ ಇರುವ ಜಾಗ ಅದು. ಹೆಬ್ರಿಡೀಸಿನ ಹ್ಯಾರಿಸ್ ದ್ವೀಪದಿಂದ ದೋಣಿಯಲ್ಲಿ ಹೆಚ್ಚುಕಡಿಮೆ ಮೂರು ಗಂಟೆ. ಟಿಕೆಟ್ ಕೊಂಡವರೆಲ್ಲ ತಲುಪುತ್ತಾರೆ ಎಂದೇನಿಲ್ಲ, ಗಾಳಿ ಎದ್ದರೆ ದೋಣಿ ಹೊರಡುವುದೇ ಇಲ್ಲ. ಹೋಗುವ ಮೊದಲು ಉಡುಪಿಯ ಅಣ್ಣನಿಗೆ ಫೋನ್ ಮಾಡಿದರೆ ಅವನ ಮೊದಲ ಪ್ರಶ್ನೆ, "ತಿನ್ಲಿಕ್ಕೆ ಎಂತ ಉಂಟು ಮಾರಾಯಾ ಅಲ್ಲಿ?" ಏನೂ ಇಲ್ಲ. ಚಿತ್ರಾನ್ನದ ಡಬ್ಬಿ ನಾವೇ ಒಯ್ದೆವು, ಖಾಲಿ ಡಬ್ಬಿ ವಾಪಸ್ ತಂದೆವು.

ದಡಕ್ಕೆ ಇಳಿಸುವುದು ಸಣ್ಣ ರಬ್ಬರ್ ದೋಣಿಯಲ್ಲಿ. ಅದಕ್ಕೂ ಮೊದಲು ಚೀಲ ನೋಡಿಕೊಳ್ಳಿ ಎನ್ನುತ್ತಾರೆ: ಒಳಗೆ ಇಲಿ ಹೊಕ್ಕಿಲ್ಲ ತಾನೇ? ನಗು ಬಂತು. ಹೇಳಿದವರು ನಗಲಿಲ್ಲ. ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಪಫಿನ್‌ನಂಥ ಹಕ್ಕಿಗಳಿರುವ ಕಡೆ ಒಂದು ಬಸುರಿ ಇಲಿ ಇಳಿದರೂ ಸಾಕು, ಮೊಟ್ಟೆ ಮರಿಗಳ ಕತೆ ಮುಗಿದಂತೆ. 2008ರಲ್ಲಿ ಮೀನು ಹಿಡಿಯುವ ಹಡಗೊಂದು ಅಲ್ಲಿನ ಬಂಡೆಗೆ ಬಡಿದಾಗ, ನಾವಿಕರನ್ನು ಪಾರುಮಾಡಿದ ಮೇಲಿನ ದೊಡ್ಡ ಆತಂಕವೇ ಹಡಗಿನಲ್ಲಿ ಇಲಿ ಇದ್ದರೆ ಏನು ಗತಿ ಎಂಬುದಾಗಿತ್ತು.

ಜನ ಇದ್ದ ಊರೇ ಅದು. ಕಡಲಹಕ್ಕಿ ತಿಂದು, ಅವುಗಳ ಗರಿ, ಎಣ್ಣೆಯಿಂದ ದ್ವೀಪದ ಒಡೆಯನಿಗೆ ಬಾಡಿಗೆ ಕಟ್ಟಿ ಬದುಕಿದವರು. ಉಳಿದಿದ್ದ 36 ಮಂದಿ ತಾವೇ ಅರ್ಜಿ ಕೊಟ್ಟು 1930ರ ಆಗಸ್ಟ್ 29ರಂದು ಊರು ಬಿಟ್ಟರು. ಅವರ ಹಿಂದೆಯೇ ಅಲ್ಲಿನ ವಿಶಿಷ್ಟ ಮನೆ-ಚಿಟ್ಟಿಲಿಯ (ದೊಡ್ಡ ಇಲಿಯಲ್ಲ, ಇಂಗ್ಲಿಷಿನ ‘ಮೌಸ್’) ತಳಿಯೂ ಅಳಿಯಿತು. ಮನುಷ್ಯರ ಮನೆಯಿಲ್ಲದೆ ಅದಕ್ಕೆ ಬದುಕಿಲ್ಲ. ಬಯಲಿನ ಚಿಟ್ಟಿಲಿ ಮಾತ್ರ ಇಂದಿಗೂ ಇದೆ. ಸೋಯ್ ಎಂಬ ಅಲ್ಲಿನ ಹಳೇ ತಳಿಯ ಕುರಿಗಳು ಹೇಳುವವರು ಕೇಳುವವರಿಲ್ಲದೆ ಅಡ್ಡಾಡಿಕೊಂಡಿವೆ.

ಇನ್ನು ಸ್ವಚ್ಛತೆಯ ಮಾತು. ಒಬ್ಬರಿಗೆ ಇನ್ನೂರು ಪೌಂಡಿಗೂ ಮೇಲೆ ತೆತ್ತು, ಅಲೆಗೆ ವಾಂತಿ ಮಾಡಿಕೊಂಡು ಬರುವವರು ಎಷ್ಟು ಮಂದಿ? ಬಂದವರು ಹಕ್ಕಿಯ ಹುಚ್ಚಿನವರೇ. ಅವರನ್ನು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಜನರ ಜೊತೆ ತೂಗುವುದು ಯಾವ ನ್ಯಾಯ? ಅಲ್ಲಿ ಕೆಲವು ನೂರು ರೂಪಾಯಿಗೆ ಅಜ್ಜಿ, ಮೊಮ್ಮಕ್ಕಳು, ಶಾಲೆಯ ಟೂರಿನ ಹುಡುಗರು ಎಲ್ಲರೂ ಕಂಬದಂಥ ಲಾವಾ ಕಲ್ಲುಗಳನ್ನು ನೋಡಬಹುದು. ಪ್ಲಾಸ್ಟಿಕ್ ಬಾಟಲಿ ಬೀಳುತ್ತದೆ, ಸಿಟ್ಟು ಬರುತ್ತದೆ, ಹೌದು. ಆದರೂ ಟಿಕೆಟ್ ದುಬಾರಿ ಮಾಡಿ ಅಜ್ಜಿಯನ್ನು ದೂರವಿಡುವ ಮದ್ದು ನನಗೆ ಬೇಡ.

ಹಕ್ಕಿಯ ವಿಷಯದಲ್ಲಿ ಹೋಲಿಸಲೇಬೇಕೆಂದರೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪವನ್ನು ತೆಗೆದುಕೊಳ್ಳಿ. ಅದೂ ನಿರ್ಜನ, ಅಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಮಿಲಿಟರಿಯ ಕಾಟ ಎರಡೂ ಕಡೆ ಕಂಡದ್ದೇ. ಸೇಂಟ್ ಕಿಲ್ಡಾದಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆ ಕೂತಿದೆ. 1957ರಲ್ಲಿ ದ್ವೀಪ ಪ್ರಕೃತಿ ಮೀಸಲು ಆದ ಕಾಲದಲ್ಲೇ ಕ್ಷಿಪಣಿಗಳ ಮೇಲೆ ಕಣ್ಣಿಡುವ ರೇಡಾರ್ ನೆಲೆಯೂ ಬಂತು, ಊರಿನ ಅಂದ ಕೆಡಿಸಿತು. ಅಷ್ಟಾದರೂ ಅಲ್ಲಿ ಕ್ಷಿಪಣಿಯನ್ನು ಬರೀ ನೋಡುತ್ತಾರೆ. ನಮ್ಮ ನೇತ್ರಾಣಿಯನ್ನೇ ನೌಕಾಪಡೆ ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸಿತು. ಇದರಲ್ಲಿ ಪ್ರವಾಸಿಗರ ಶಿಸ್ತು ಎಲ್ಲಿಂದ ಬಂತು?

ಇಲ್ಲಿಂದ ಕಲಿಯಬೇಕಾದ್ದು ಒಂದಿದ್ದರೆ ಅದು ಆ ಚೀಲ ನೋಡುವ ಪದ್ಧತಿ. ಅದಕ್ಕೆ ದುಬಾರಿ ಟಿಕೆಟ್ ಬೇಡ. ಮುರುಡೇಶ್ವರದ ದೋಣಿಯವನಿಗೆ ನೇತ್ರಾಣಿಯ ಒಂದೊಂದು ಬಂಡೆಯೂ ಗೊತ್ತು. ಯಾವ ತಿಂಗಳು ಯಾವ ಬದಿಗೆ ದೋಣಿ ಒಯ್ಯಬಾರದು, ಯಾರ ಚೀಲ ಬಿಚ್ಚಿಸಬೇಕು ಎಂದು ಹೇಳುವ ಅಧಿಕಾರವನ್ನು, ಅದಕ್ಕೊಂದು ಸಂಬಳವನ್ನು ಅವನಿಗೇ ಕೊಡಲಿ.