ಮಸೆಯುವವರ ಸಂಗ

ದಾವಣಗೆರೆಯಲ್ಲಿ ನಾಲ್ಕು ಜನ ವಾರಕ್ಕೊಮ್ಮೆ ಒಂದೆಡೆ ಸೇರುತ್ತಾರೆ ಎಂದರೆ ಕಾರಣ ಊಹಿಸುವುದು ಕಷ್ಟವಲ್ಲ. ಚೀಟಿ ಇರಬೇಕು, ಇಲ್ಲವೇ ಭಜನೆ ಇರಬೇಕು. ಬೆಳಗಿನ ಹೊತ್ತಾದರೆ ಕುಂದವಾಡ ಕೆರೆ ಏರಿಯ ಮೇಲೆ ನಡೆದು, ಕರಗಿಸಿದ್ದನ್ನೆಲ್ಲ ಬೆಣ್ಣೆದೋಸೆಯಲ್ಲಿ ಮರಳಿ ತುಂಬಿಕೊಳ್ಳುವ ಬಳಗ. ಇವ್ಯಾವೂ ಅಲ್ಲದ ಗುಂಪೊಂದಕ್ಕೆ ಸೇರಿದ್ದೇನೆ ಎಂದಾಗ ನಮ್ಮ ಓಣಿಯವರು ಕೇಳಿದ ಮೊದಲ ಪ್ರಶ್ನೆ, "ತಿಂಗಳಿಗೆ ಎಷ್ಟು ಕಟ್ಟಬೇಕ್ರಿ?" ಕಟ್ಟುವುದೇನಿಲ್ಲ, ಮರ ಕೊಯ್ಯುವುದು, ಹಲಗೆಯ ಮೈ ನುಣುಪಾಗಲು ಹತ್ತರಿ ಹೊಡೆಯುವುದು, ಉಳಿಯಲ್ಲಿ ಕೆತ್ತುವುದು, ಅದೂ ಕರೆಂಟು ಮುಟ್ಟದೆ ಕೈಯಲ್ಲೇ ಎಂದೆ. ಅವರು ನನ್ನ ಬಿಟ್ಟು ನಮ್ಮ ಯಜಮಾನರ ಮುಖ ನೋಡಿದರು. ಮನೆಯಲ್ಲಿ ಏನಾದರೂ ಹಣದ ಅಡಚಣೆಯೇ ಎಂಬ ಅನುಕಂಪ ಆ ನೋಟದಲ್ಲಿತ್ತು.

ಇದಕ್ಕೆಲ್ಲ ಮೂಲ ಒಂದು ಮಣೆ. ಪೂಜೆಗೆ, ಊಟಕ್ಕೆ, ಕಾಯಿ ತುರಿಯುವಾಗ ಕೂರಲಿಕ್ಕೆ ಬೇಕಾಗುವ, ಒಂದೇ ಹಲಗೆಯ ಸಾದಾ ಮಣೆ. ಅಂಗಡಿಗಳಲ್ಲಿ ಕೇಳಿದರೆ ಪ್ಲೈವುಡ್ಡಿನ ಮೇಲೆ ಸನ್‌ಮೈಕಾ ಅಂಟಿಸಿದ್ದನ್ನು ತೋರಿಸುತ್ತಾರೆ. ಅದರ ಮೇಲೆ ತೇಗದ ಮರದ ಚಿತ್ರವಿರುತ್ತದೆ, ಒಳಗೆ ತೇಗವಿರುವುದಿಲ್ಲ. ಕೊನೆಗೆ ನಮ್ಮ ಮನೆಯ ಬಾಗಿಲು ಕಿಟಕಿ ಮಾಡಿದ ಬಡಗಿಯವರನ್ನೇ ಕೇಳಿದೆ. ಅವರು ಯಂತ್ರ ನಿಲ್ಲಿಸಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು, ಯೋಚಿಸಿ ಹೇಳಿದರು: "ಅಕ್ಕಾರೆ, ಒಂದು ಮಣಿ ಸಲುವಾಗಿ ಮಷಿನ್ ಹಚ್ಚಿದ್ರೆ ನಮಗೆ ಗಿಟ್ಟಂಗಿಲ್ಲ. ವಿದ್ಯಾನಗರದಾಗ ಒಬ್ಬರು ಬ್ಯಾಂಕಿನ ಸಾಹೇಬ್ರು ಅದಾರ, ರಿಟೈರ್ ಆಗ್ಯಾರ. ಅಂಥವು ಅವರೇ ಮಾಡ್ತಾರ ನೋಡ್ರಿ."

ಬಡಗಿ ಮಣೆ ಮಾಡುವುದಿಲ್ಲ, ಬ್ಯಾಂಕಿನವರು ಮಾಡುತ್ತಾರೆ! ಈ ಕಾಲದ ಬಗ್ಗೆ ಇದಕ್ಕಿಂತ ಚುಟುಕಾದ ವರದಿ ಯಾರೂ ಕೊಟ್ಟಿರಲಾರರು.

ಸಾಹೇಬರ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಭಾನುವಾರ ಬೆಳಿಗ್ಗೆ ಸಭೆ. ಗುಂಪಿಗೆ ಹೆಸರಿಲ್ಲ, ಬ್ಯಾನರ್ ಇಲ್ಲ, ಗೌರವಾಧ್ಯಕ್ಷರೂ ಇಲ್ಲ. ನಮ್ಮೂರ ಮಟ್ಟಿಗೆ ಇದು ಸಣ್ಣ ಸಾಧನೆಯಲ್ಲ. ಇರುವುದು ಒಂದೇ ನಿಯಮ: ಪ್ಲಗ್ಗಿಗೆ ಕೈ ಹಾಕಬಾರದು. ಫ್ಯಾನಿಗೆ ಮಾತ್ರ ವಿನಾಯಿತಿ, ಏಕೆಂದರೆ ನಿಯಮ ಮಾಡಿದವರು ಅದನ್ನು ಮಾಡಿದ್ದು ಡಿಸೆಂಬರಿನಲ್ಲಂತೆ, ಏಪ್ರಿಲ್ಲಿನಲ್ಲಿ ತಿದ್ದುಪಡಿ ತಂದರು. ಸದಸ್ಯರಲ್ಲಿ ಒಬ್ಬರು ಹಲ್ಲಿನ ಡಾಕ್ಟರು, ಒಬ್ಬ ಎಂಜಿನಿಯರಿಂಗ್ ಓದುವ ಹುಡುಗ, ಕಿರಾಣಿ ಅಂಗಡಿಯ ಯಜಮಾನರೊಬ್ಬರು, ಹರಿಹರದಿಂದ ಬಸ್ಸಿನಲ್ಲಿ ಬರುವ ಹಿರಿಯರೊಬ್ಬರು. ಹೆಂಗಸು ನಾನೊಬ್ಬಳೇ. ಮೊದಲ ದಿನ ಎಲ್ಲರೂ "ಬರ್ರಿ ಮೇಡಂ, ಕೂಡ್ರಿ" ಎಂದು ಕುರ್ಚಿಗಾಗಿ ಹುಡುಕಾಡಿದರು. ಮರಗೆಲಸದವರ ಶೆಡ್ಡಿನಲ್ಲಿ ಮರದ ಕುರ್ಚಿ ಸಿಗಲಿಲ್ಲ. ಒಳಗಿನಿಂದ ಪ್ಲಾಸ್ಟಿಕ್ಕಿನದು ಬಂತು.

ಹೋದ ಕೂಡಲೇ ಮರ ಕೊಡುತ್ತಾರೆಂದು ಭಾವಿಸಿದ್ದೆ. ಕೊಟ್ಟಿದ್ದು ಒಂದು ಮೊಂಡು ಉಳಿ ಮತ್ತು ಒಂದು ಸಾಣೆಕಲ್ಲು. ಈ ಮಂದಿಯ ಸಂಧ್ಯಾವಂದನೆ, ಇಷ್ಟಲಿಂಗ ಪೂಜೆ, ನಮಾಜು ಎಲ್ಲವೂ ಮಸೆಯುವುದೇ. ಉಳಿಯ ಬೆನ್ನು ಮೊದಲು ಕನ್ನಡಿಯಷ್ಟು ಸಪಾಟಾಗಬೇಕು. ಹರಿತವೆಂದರೆ ಎರಡು ಮೈಗಳು ಕೂಡುವ ಗೆರೆ, ಒಂದು ಮೈ ಸೊಟ್ಟಗಿದ್ದರೆ ಇನ್ನೊಂದನ್ನು ಎಷ್ಟು ಉಜ್ಜಿದರೂ ವ್ಯರ್ಥ. ಆಮೇಲೆ ಇಳಿಜಾರು ಮೈಯನ್ನು 25 ಡಿಗ್ರಿಗೆ ಉಜ್ಜಬೇಕು, ತುತ್ತತುದಿಯನ್ನಷ್ಟೇ 30ಕ್ಕೆ ಎತ್ತಬೇಕು. ಕೋನ ಕಡಿಮೆಯಾದರೆ ಚೆನ್ನಾಗಿ ಕತ್ತರಿಸುತ್ತದೆ ಆದರೆ ಅಂಚು ಬೇಗ ಮುರಿಯುತ್ತದೆ, ಹೆಚ್ಚಾದರೆ ಬಾಳುತ್ತದೆ ಆದರೆ ಮರಕ್ಕೆ ನಾಟುವುದಿಲ್ಲ. 1000 ನಂಬರಿನ ಕಲ್ಲಿನ ಮೇಲೆ ತಿಕ್ಕುತ್ತಾ ಹೋದರೆ ಒಂದು ಹೊತ್ತಿಗೆ ಅಂಚಿನ ಹಿಂಬದಿಯಲ್ಲಿ, ಕಣ್ಣಿಗೆ ಕಾಣದ, ಬೆರಳಿಗೆ ಮಾತ್ರ ತಾಕುವ ಒಂದು ಜುಂಗು ಏಳುತ್ತದೆ. ಅದು ಎದ್ದಿತೆಂದರೆ ಉಕ್ಕು ತುದಿಯವರೆಗೂ ಸವೆದಿದೆ ಎಂದರ್ಥ. ಆಗ ಇನ್ನೂ ನುಣುಪಾದ 6000ದ ಕಲ್ಲು, ಕೊನೆಗೆ ಚರ್ಮದ ಪಟ್ಟಿ.

ಹರಿತವಾಯಿತೇ ಎಂದು ನೋಡಲು ಗಂಡಸರು ಎಡಗೈ ಕೂದಲು ಬೋಳಿಸಿ ನೋಡುತ್ತಾರೆ. ಆದ್ದರಿಂದ ಈ ಗುಂಪಿನವರನ್ನು ಮಂಡಿಪೇಟೆಯ ಗದ್ದಲದಲ್ಲೂ ಗುರುತು ಹಿಡಿಯಬಹುದು: ಬಲಗೈ ಮೇಲೆ ಕೂದಲು, ಎಡಗೈ ನುಣ್ಣಗೆ. ನಾನು ಜನತಾವಾಣಿ ಪತ್ರಿಕೆಯ ಒಂದು ಪುಟ ಗಾಳಿಯಲ್ಲಿ ಹಿಡಿದು ಕತ್ತರಿಸಿ ನೋಡುತ್ತೇನೆ. ಓದಿ ಮುಗಿದ ಮೇಲೆ, ಅಷ್ಟು ಗೌರವ ಉಂಟು.

ಹತ್ತರಿಯ ಸುಖ ಬೇರೆಯೇ. ಕಬ್ಬಿಣದ ಹತ್ತರಿಗಳಲ್ಲಿ ಈಗಲೂ ಜಗತ್ತು ಬಳಸುವುದು ಲೆನರ್ಡ್ ಬೇಲಿ ಎಂಬ ಅಮೆರಿಕದವನ ವಿನ್ಯಾಸ. ಅವನ ಉದ್ಯಮವನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡಿತು. ಅಂದಿನಿಂದ ಆ ತಿರುಪು, ಆ ಸನ್ನೆ, ಆ ಅಲಗು ಹೆಚ್ಚು ಬದಲಾಗಿಲ್ಲ. ಮೊಬೈಲು ಎರಡು ವರ್ಷಕ್ಕೆ ಹಳೆಯದಾಗುವ ಕಾಲದಲ್ಲಿ ಇದು ನನಗೆ ವಿಚಿತ್ರ ನೆಮ್ಮದಿ ಕೊಡುತ್ತದೆ. ಮರಕ್ಕೊಂದು ದಿಕ್ಕಿದೆ. ನಾರು ಎದ್ದು ಬರುವ ಕಡೆಗೆ ಹೊಡೆದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಬರುತ್ತದೆ, ಎದುರು ಹೊಡೆದರೆ ಹಲಗೆಯ ಮೈ ಕಿತ್ತುಕೊಂಡು ಬರುತ್ತದೆ. ಯಂತ್ರಕ್ಕೆ ಈ ಮರ್ಯಾದೆ ಬೇಕಿಲ್ಲ, ಅದು ಎರಡೂ ಕಡೆಗೂ ಗದರಿಸಿಯೇ ಹೋಗುತ್ತದೆ. ಕೈಯವರು ಮೊದಲು ಹಲಗೆಯ ಪಕ್ಕೆ ನೋಡಬೇಕು, ಗೆರೆಗಳು ಯಾವ ಕಡೆ ಏರುತ್ತವೆ ಎಂದು ಓದಬೇಕು. ಬೇವಿನ ಮರದಲ್ಲಂತೂ ಗೇಣಿಗೊಮ್ಮೆ ದಿಕ್ಕು ಬದಲು. ನಮ್ಮ ಕಿರಾಣಿ ಯಜಮಾನರು ಅದನ್ನು "ಉದ್ರಿ ಗಿರಾಕಿ ಮರ" ಎನ್ನುತ್ತಾರೆ. ಇವತ್ತೊಂದು ಮಾತು, ನಾಳೆ ಇನ್ನೊಂದು.

ಹರಿಹರದ ಹಿರಿಯರು ಆ ಸುರುಳಿಗಳನ್ನು ಹೆಕ್ಕಿ ಮೈಕ್ರೋಮೀಟರಿನಲ್ಲಿ ಹಿಡಿದು ಅಳೆಯುತ್ತಾರೆ. ಮಿಲಿಮೀಟರಿನ ನೂರರಲ್ಲಿ ಐದು ಭಾಗಕ್ಕೆ ಬಂದರೆ ಸಣ್ಣಗೆ ನಗುತ್ತಾರೆ. ಅವರ ಸರ್ವಿಸೆಲ್ಲ ಕಳೆದದ್ದು ಮೈಸೂರು ಕಿರ್ಲೋಸ್ಕರ್‌ನಲ್ಲಿ. 1941ರಲ್ಲಿ ಹರಿಹರದಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಯಂತ್ರ ಕೊಟ್ಟ ಕಾರ್ಖಾನೆ ಅದು. ಈಗಿಲ್ಲ. ಯಂತ್ರ ಮಾಡುವ ಯಂತ್ರಗಳ ನಡುವೆ ಬಾಳಿದವರು ಈಗ ಕೈಗರಗಸ ಹಿಡಿಯುತ್ತೀರಲ್ಲ ಎಂದು ಕೇಳಿದ್ದಕ್ಕೆ ಅವರು ಹರಿಹರೇಶ್ವರ ದೇವಸ್ಥಾನದ ಕಂಬಗಳನ್ನು ನೋಡಿದ್ದೀರಾ ಎಂದರು. 1224ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು. ಆ ಮಂಟಪದ ದುಂಡು ಕಂಬಗಳು ಕಲ್ಲನ್ನು ತಿರುಗಿಸಿ ಕಡೆದವು, ಅಂದರೆ ಲೇತಿನ ಕೆಲಸವೇ. "ನಮ್ಮೂರಾಗ ಲೇತು ನಮಗಿಂತ ಏಳ್ನೂರು ವರ್ಷ ಮೊದಲೇ ಬಂದಿತ್ತು ಮೇಡಂ, ಮೋಟರು ಇರಲಿಲ್ಲ ಅಷ್ಟೇ" ಎಂದರು. ಬಾಲ್ಯದಿಂದ ಆ ಗುಡಿಗೆ ಹೋಗಿ ಬಂದಿದ್ದರೂ ಕಂಬದ ಮೇಲಿನ ಆ ಉಂಗುರ ಗೆರೆಗಳನ್ನು ಅವರ ಮಾತಿನ ಮೇಲೆಯೇ ನಾನು ಸರಿಯಾಗಿ ನೋಡಿದ್ದು.

ಹಲ್ಲಿನ ಡಾಕ್ಟರಿಗೆ ಪೆಟ್ಟಿಗೆಯ ಮೂಲೆಗಳನ್ನು ಬಿಟ್ಟುಕೊಟ್ಟಿದ್ದಾರೆ. ಎರಡು ಹಲಗೆಗಳಿಗೆ ಹಲ್ಲು ಬಿಡಿಸಿ, ಮೊಳೆ ಇಲ್ಲದೆ ಒಂದರೊಳಗೊಂದು ಕೂಡಿಸುವ ಡವ್‌ಟೇಲ್ ಕೆಲಸ. ಬೇರೆಯವರ ಕೆಲಸ ನೋಡುವಾಗ ಅವರು ಅಭ್ಯಾಸಬಲದಿಂದ ಟಾರ್ಚ್ ಬಿಟ್ಟು, "ಇಲ್ಲಿ ಸ್ವಲ್ಪ ಸಂದಿ ಐತಿ, ಫಿಲ್ಲಿಂಗ್ ಬೇಕಾಗ್ತತಿ" ಎನ್ನುತ್ತಾರೆ.

ಜಗಳಗಳೂ ಇವೆ, ಇಲ್ಲದಿದ್ದರೆ ಸಂಘವೆಂದು ಹೇಗೆ ಕರೆಯುವುದು? ಕಲ್ಲಿಗೆ ನೀರೋ ಎಣ್ಣೆಯೋ ಎಂಬುದು ಒಂದು. ಗರಗಸ ದೂಡುವಾಗ ಕೊಯ್ಯಬೇಕೋ, ಜಪಾನಿನವರಲ್ಲಿರುವಂತೆ ಎಳೆಯುವಾಗ ಕೊಯ್ಯಬೇಕೋ ಎಂಬುದು ಇನ್ನೊಂದು. ಎಳೆಯುವಾಗ ತಗಡು ಬಿಗಿಯಾಗಿ ನಿಲ್ಲುವುದರಿಂದ ಅದನ್ನು ತೆಳ್ಳಗೆ ಮಾಡಬಹುದು, ದೂಡುವುದಕ್ಕೆ ದಪ್ಪ ಬೇಕು, ವಿಷಯ ಇಷ್ಟೇ. ಇದಕ್ಕೆ ಎರಡು ಪ್ಲೇಟ್ ಮಿರ್ಚಿ ಮಂಡಕ್ಕಿ ಖರ್ಚಾಗುತ್ತದೆ. ಮೂರನೆಯದು ಜಗಳವಲ್ಲ, ಕಾಯಿಲೆ: ಹತಾರ ಕೊಳ್ಳುವುದು. ಗುಜರಿ ಅಂಗಡಿಗಳಲ್ಲಿ ಕಿಲೋ ಲೆಕ್ಕದಲ್ಲಿ ಬಿದ್ದಿರುವ ಹಳೆಯ ಉಳಿ, ಬೈರಿಗೆ, ಅಲಗುಗಳನ್ನು ತಂದು, ವಿನೆಗರಿನಲ್ಲಿ ನೆನೆಹಾಕಿ ತುಕ್ಕು ಬಿಡಿಸುತ್ತಾರೆ. ಡಾಕ್ಟರ ಬಳಿ ಇರುವ ಉಳಿಗಳ ಸಂಖ್ಯೆ ಅವರು ಮಾಡಿದ ಪೆಟ್ಟಿಗೆಗಳ ಸಂಖ್ಯೆಯನ್ನು ಎಂದೋ ದಾಟಿದೆ. ಆ ಉಳಿಗಳನ್ನಿಡಲು ಒಂದು ಪೆಟ್ಟಿಗೆ ಮಾಡಬೇಕು ಎಂದು ಹೇಳುತ್ತಲೇ ಇರುತ್ತಾರೆ.

ಮಣೆ ಮಾಡಿದರೆ ಗಿಟ್ಟುವುದಿಲ್ಲ ಎಂದಿದ್ದ ಬಡಗಿಯವರನ್ನು ಒಂದು ಭಾನುವಾರ ಕರೆದುಕೊಂಡು ಹೋದೆ. ನಮ್ಮ ಸಾಹೇಬರು ಹಲಗೆಯನ್ನು ಬಿಗಿಹಿಡಿಯಲು ಇಂಗ್ಲಿಷ್ ಚಿತ್ರಗಳನ್ನು ನೋಡಿ ಭಾರಿ ಬೆಂಚೊಂದನ್ನು ಕಟ್ಟುತ್ತಿದ್ದಾರೆ. ಬೆಂಚು ಕಟ್ಟಲು ಮೊದಲು ಒಂದು ಬೆಂಚು ಬೇಕು ಎಂಬ ತೊಡಕಿನಲ್ಲಿ ಅದು ನಿಂತಿದೆ. ಬಡಗಿಯವರು ಅದನ್ನು ಸುತ್ತು ಹಾಕಿ ನೋಡಿದರು, ಏನೂ ಅನ್ನಲಿಲ್ಲ. ಚಪ್ಪಲಿ ಬಿಟ್ಟು ನೆಲಕ್ಕೆ ಕೂತರು. ಹಲಗೆಯನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು, ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಅಡ್ಡ ಅಲಗಿನ ಕೈಗೊಡಲಿಯಾದ ಬಾಚಿಯನ್ನು ಎತ್ತಿದರು. ನಾವೆಲ್ಲ ನಮ್ಮ ನಮ್ಮ ಕಾಲ್ಬೆರಳು ಒಳಗೆಳೆದುಕೊಂಡೆವು. ಬಾಚಿ ಅವರ ಬೆರಳಿನಿಂದ ಅರ್ಧ ಇಂಚು ಈಚೆ, ಪ್ರತಿ ಸಲವೂ ಅದೇ ಅರ್ಧ ಇಂಚು, ಬಿದ್ದು ಚಕ್ಕೆ ಎಬ್ಬಿಸುತ್ತಿತ್ತು. ನಾವು ಪೆನ್ಸಿಲ್ಲು, ಮೂಲೆಮಟ್ಟ ಹಿಡಿದು ಗುರುತು ಮಾಡುವಷ್ಟರಲ್ಲಿ ಹಲಗೆಯ ಅಂಚು ನೇರವಾಗಿತ್ತು.

"ಇಷ್ಟು ಬರ್ತತಿ ಅಂದ್ರೆ ಮತ್ಯಾಕ್ರಿ ಮಷಿನ್ನು?" ಎಂದು ಎಂಜಿನಿಯರಿಂಗ್ ಹುಡುಗ ಕೇಳಿದ.

"ನಮ್ಮಪ್ಪಗ ಸುಗ್ಗಿಯಾಗ ಚೀಲದಾಗ ಜ್ವಾಳ ಬರ್ತಿತ್ತು ತಮ್ಮಾ. ಕುಂಟಿ ಕೂರಿಗಿ ಮಾಡಿಕೊಟ್ಟಿದ್ದಕ್ಕ ವರ್ಷದ ಕಾಳು. ನನಗ ವಾರ ವಾರ ಸಾಲದ ಬಡ್ಡಿ ಕಟ್ಟೂದು ಬರ್ತತಿ. ನಿಮಗೇನು, ನೀವು ಹೊಟ್ಟಿ ತುಂಬಿಸ್ಕೊಂಡು ಬೆವರಾಕ ಬಂದೀರಿ."

ಯಾರೂ ಎದುರು ಮಾತಾಡಲಿಲ್ಲ, ಆಡುವಂಥದ್ದೂ ಇರಲಿಲ್ಲ. ಆಯಗಾರ ಪದ್ಧತಿಯಲ್ಲಿ ಊರಿನ ಬಡಗಿಗೆ ಕಣದಲ್ಲಿ ಪಾಲಿತ್ತು. ಆ ಪಾಲು ಹೋದ ಮೇಲೆ ಬಾಚಿಯಿಂದ ಬದುಕುವುದು ಆಗದ ಮಾತು. ನಮ್ಮ ಕಡೆ ಮಾತೆತ್ತಿದರೆ ಕಾಯಕವೇ ಕೈಲಾಸ ಎನ್ನುವ ರೂಢಿ. 12ನೆಯ ಶತಮಾನದ ಶರಣರಲ್ಲಿ ಒಬ್ಬರ ಹೆಸರೇ ಬಾಚಿಕಾಯಕದ ಬಸವಯ್ಯ, ಅವರ ಪತ್ನಿ ಕಾಳವ್ವೆ ಕೂಡ ವಚನ ಬರೆದಾಕೆ. ನಾವು ಭಾನುವಾರ ಮಾಡುವುದನ್ನು ಆ ಹೆಸರಿನಿಂದ ಕರೆಯಲು ನನಗೆ ಧೈರ್ಯವಿಲ್ಲ. ಹಾಗೆಂದು ನಾಚಿಕೆಯೂ ಇಲ್ಲ. ಹಾಡುವವರೆಲ್ಲ ಹೊಟ್ಟೆಪಾಡಿಗೇ ಹಾಡಬೇಕೆಂದು ಯಾರೂ ಹೇಳುವುದಿಲ್ಲವಲ್ಲ. ಬಡಗಿಯವರು ಅಂದಿನಿಂದ ಬಿಡುವಾದಾಗಲೆಲ್ಲ ಬರುತ್ತಾರೆ. ಕಲಿಸುವುದಕ್ಕೋ, ನಗುವುದಕ್ಕೋ ಗೊತ್ತಿಲ್ಲ, ಎರಡನ್ನೂ ಮಾಡುತ್ತಾರೆ.

ನನ್ನ ಮಣೆ ಆಯಿತು, ಹಲಸಿನದು. ಹಲಗೆ ಉದ್ದಕ್ಕೆ ಹಿಗ್ಗುವುದಿಲ್ಲ, ಅಡ್ಡಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಆದ್ದರಿಂದ ಅಡಿಯ ಎರಡು ಪಟ್ಟಿಗಳನ್ನು ಅಂಟು ಹಾಕಿ ಕಟ್ಟಿಹಾಕದೆ, ಜಾರಲು ಬಿಡುವಂತೆ ತೋಡಿದ ಕಾಲುವೆಯಲ್ಲಿ ಕೂರಿಸಿದ್ದೇವೆ. ಕಟ್ಟಿಹಾಕಿದ್ದರೆ ದಾವಣಗೆರೆಯ ಏಪ್ರಿಲ್ಲಿಗೆ ನಡುವೆ ಸೀಳುತ್ತಿತ್ತು. ಈ ವಿದ್ಯೆಯ ಅಡ್ಡಪರಿಣಾಮ ಏನೆಂದರೆ, ಯಾರ ಮನೆಗೆ ಹೋದರೂ ಕುರ್ಚಿಯನ್ನು ಬಗ್ಗಿಸಿ ಅಡಿ ನೋಡುವ ಚಾಳಿ. ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋದಲ್ಲಿಯೂ ನಾನು ದಿವಾನದ ಕಾಲು ಕೂಡಿಸಿದ್ದನ್ನು ನೋಡುತ್ತಾ ಕೂತಿದ್ದೆ. ಅತ್ತಿಗೆ ಚಿವುಟಿದರು. ಹುಡುಗಿ ಒಪ್ಪಿಗೆಯಾದಳು, ದಿವಾನಕ್ಕೆ ಬರೀ ಮೊಳೆ ಹೊಡೆದಿದ್ದರು.

ಈಗ ಶೆಡ್ಡಿನ ಪಕ್ಕದಲ್ಲಿ ಕರಿಜಾಲಿಯ ದಿಮ್ಮಿಯೊಂದು ಬಿದ್ದಿದೆ. ಆನಗೋಡಿನ ಕಡೆಯ ಹೊಲದ ಬದುವಿನಲ್ಲಿ ಗಾಳಿಗೆ ಉರುಳಿದ್ದು; ಗಾಡಿಯ ಗಾಲಿಗೆ, ನೇಗಿಲಿಗೆ ಬಯಲುಸೀಮೆಯವರು ನೆಚ್ಚಿದ ಮರ. ನಾಲ್ಕು ಇಂಚಿನ ಹಲಗೆ ಕೊಯ್ದು ಬೆಂಚಿಗೆ ಬಳಸೋಣ ಎಂದು ಸಾಹೇಬರ ಆಸೆ. ಹಸಿ ಮರ ನೆರಳಿನಲ್ಲಿ ಆರಲು ಇಂಚು ದಪ್ಪಕ್ಕೆ ಒಂದು ವರ್ಷವೆಂಬುದು ಹಳೆಯ ಲೆಕ್ಕ ಎಂದು ಹರಿಹರದ ಹಿರಿಯರು ನೆನಪಿಸಿದರು. ಆಗ ತಮ್ಮ ತಮ್ಮ ವಯಸ್ಸಿಗೆ ಎಲ್ಲರೂ ಮನಸ್ಸಿನಲ್ಲೇ ನಾಲ್ಕು ಕೂಡಿಸಿಕೊಂಡಿದ್ದು ಮುಖದಲ್ಲೇ ಕಾಣಿಸಿತು.

"ಇರಲಿ ಬಿಡ್ರಿ, ನಾಲ್ಕು ವರ್ಷದ ಎಫ್‌ಡಿ ಇದ್ದಂಗ" ಎಂದರು ಬ್ಯಾಂಕಿನ ಸಾಹೇಬರು. "ಬಡ್ಡಿ ಇಲ್ಲ, ಬಿರುಕು ಬಂದ್ರೆ ಅಸಲೂ ಇಲ್ಲ."

ಬಡಗಿಯವರು ದಿಮ್ಮಿಗೆ ಉಗುರಿನಿಂದ ಗೀರಿ ನೋಡಿ, "ಅಲ್ಲೀತನಕ ಎಲ್ಲಾರೂ ಏನು ಮಾಡ್ತೀರಿ?" ಎಂದರು.

ಡಾಕ್ಟರು ಆಗಲೇ ಕಲ್ಲಿಗೆ ನೀರು ಹಾಕುತ್ತಿದ್ದರು. ಕಿರಾಣಿ ಯಜಮಾನರು ಎಣ್ಣೆ ಬಾಟಲಿ ಹುಡುಕುತ್ತಾ, "ಯಾರ್ರಿ ಅದು ನೀರು ಹಾಕಿದ್ದು?" ಎಂದು ಕೇಳಿದರು.