ಶಿಷ್ಯವೃತ್ತಿಗೂ ಗಂಟೆಯ ಲೆಕ್ಕ

ಕಳೆದ ಸೆಮಿಸ್ಟರಿನ ಮಧ್ಯಾವಧಿ ಪರೀಕ್ಷೆ ಮುಗಿದ ವಾರ, ನಾನು ಪಾಠ ಮಾಡುವ ವಿಶ್ವ ಇತಿಹಾಸದ ತರಗತಿಗೆ ಟಿ.ಎ. (ಟೀಚಿಂಗ್ ಅಸಿಸ್ಟೆಂಟ್, ಎಂದರೆ ಬೋಧನಾ ಸಹಾಯಕಿ) ಆಗಿ ನೇಮಕಗೊಂಡಿದ್ದ ಮೊದಲ ವರ್ಷದ ಪಿಎಚ್.ಡಿ. ವಿದ್ಯಾರ್ಥಿನಿಯೊಬ್ಬಳು ನನಗೊಂದು ಇಮೇಲ್ ಕಳುಹಿಸಿದಳು. ಈ ವಾರದ ತನ್ನ 20 ಗಂಟೆಗಳು ಮುಗಿದಿವೆ, ಉಳಿದ ಉತ್ತರ ಪುಸ್ತಿಕೆಗಳನ್ನು ಸೋಮವಾರದಿಂದ ತಿದ್ದುತ್ತೇನೆ, ಅವು ಶುಕ್ರವಾರವೇ ಬೇಕೆಂದಾದರೆ ಬೇರೆ ಯಾವ ಕೆಲಸವನ್ನು ಕೈಬಿಡಬೇಕೆಂದು ತಿಳಿಸಿ ಎಂಬುದು ಅದರ ಒಕ್ಕಣೆ. ಅದರಲ್ಲಿ ಉದ್ಧಟತನವೇನೂ ಇರಲಿಲ್ಲ. ಹಾಗೆಯೇ ಸಂಕೋಚವೂ ಇರಲಿಲ್ಲ. ಅಮೆರಿಕದ ಮಧ್ಯಪಶ್ಚಿಮ ಭಾಗದ ಈ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಅಧ್ಯಾಪಕನಾಗಿ ಇಷ್ಟು ಕಾಲ ಕಳೆದಿದ್ದರೂ ಅದನ್ನು ಓದಿದಾಗ ನನಗೆ ಚುರುಕ್ಕೆಂದಿತು. ಗೈಡ್ ಹೇಳಿದ ಕೆಲಸಕ್ಕೆ ‘ಆಯ್ತು ಸರ್’ ಎಂಬುದೊಂದನ್ನು ಬಿಟ್ಟು ಬೇರೆ ಉತ್ತರವೂ ಇರಬಹುದೆಂದು ತಿಳಿಯದೆಯೇ ಸಂಶೋಧನಾರ್ಥಿಯಾಗಿ ದಿನ ಕಳೆದವನು ನಾನು.

ಅವಳ ಮಾತಿನ ಹಿಂದೆ ಒಂದು ಕಾಗದವಿತ್ತು. ಇಲ್ಲಿ ಅಸಿಸ್ಟೆಂಟ್‌ಶಿಪ್ ಪಡೆದವರಿಗೆ ಸೆಮಿಸ್ಟರ್ ಶುರುವಾಗುವ ಮೊದಲೇ ನೇಮಕಾತಿ ಪತ್ರ ಬರುತ್ತದೆ. ಸಾಮಾನ್ಯವಾಗಿ ಅದು ಅರ್ಧ ಕಾಲದ ನೇಮಕ, ಎಂದರೆ ವಾರಕ್ಕೆ ಸರಾಸರಿ 20 ಗಂಟೆಗಳ ಕೆಲಸ. ಅದಕ್ಕೆ ಪ್ರತಿಯಾಗಿ ಬೋಧನಾ ಶುಲ್ಕದ ವಿನಾಯಿತಿ ಮತ್ತು ತಿಂಗಳ ಸ್ಟೈಪೆಂಡ್. ನಮ್ಮ ವಿಭಾಗದಲ್ಲಿ ಪತ್ರದ ಜೊತೆಗೆ ಕೆಲಸದ ಪಟ್ಟಿಯೂ ಇರುತ್ತದೆ. ಪ್ರಾಧ್ಯಾಪಕರ ಉಪನ್ಯಾಸಕ್ಕೆ ಬಂದು ಕೂರುವುದಕ್ಕೆ ಎಷ್ಟು ಗಂಟೆ, ವಿದ್ಯಾರ್ಥಿಗಳ ಚರ್ಚಾ ತರಗತಿಗಳನ್ನು ನಡೆಸುವುದಕ್ಕೆ ಎಷ್ಟು, ಅದರ ಸಿದ್ಧತೆಗೆ ಎಷ್ಟು, ಸಂಶಯ ಕೇಳಲು ಬರುವವರಿಗಾಗಿ ಕೊಠಡಿಯಲ್ಲಿ ಕಾದು ಕೂರುವುದಕ್ಕೆ ಎಷ್ಟು, ತಿದ್ದುವುದಕ್ಕೆ ಎಷ್ಟು ಎಂದು ಒಂದೊಂದರ ಎದುರೂ ಬರೆದು, ಕೆಳಗೆ ಟಿ.ಎ. ಮತ್ತು ಪ್ರಾಧ್ಯಾಪಕ ಇಬ್ಬರೂ ಸಹಿ ಮಾಡುತ್ತಾರೆ. ಹಾಗಾಗಿ ಆ ಹುಡುಗಿ ನನಗೆ ನೆನಪಿಸಿದ್ದು ನಾನೇ ಸಹಿ ಹಾಕಿದ ಮಾತನ್ನು. ಕೆಲ ವರ್ಷಗಳ ಹಿಂದೆ ನಮ್ಮ ಕಡೆಯ ಹುಡುಗನೊಬ್ಬ ಇದೇ ವಿಭಾಗಕ್ಕೆ ಬಂದಿದ್ದ. ಮೊದಮೊದಲು ಅವನು ಪ್ರತಿ ತರಗತಿಯ ಕೊನೆಗೆ ಬಾಗಿಲ ಬಳಿ ನಿಂತು, ‘ಸರ್, ಬೇರೆ ಏನಾದರೂ ಕೆಲಸ ಇದೆಯಾ?’ ಎಂದು ಕೇಳುತ್ತಿದ್ದ. ಪಟ್ಟಿಯಲ್ಲಿರುವುದನ್ನು ಮುಗಿಸಿದರೆ ಸಾಕು ಎಂದರೂ ಅವನಿಗೆ ಸಮಾಧಾನವಾಗುತ್ತಿರಲಿಲ್ಲ. ಮೇಷ್ಟ್ರಿಗೆ ತನ್ನ ಮೇಲೆ ಏನೋ ಅಸಮಾಧಾನವಿದೆ, ಅದಕ್ಕೇ ಕೆಲಸ ಹೇಳುತ್ತಿಲ್ಲ ಎಂದು ಅವನ ಗುಮಾನಿ. ಅವನ ಆ ಗುಮಾನಿ ಎಲ್ಲಿಂದ ಬಂತೆಂಬುದು ನನಗೆ ಚೆನ್ನಾಗಿ ಗೊತ್ತು.

ನಾನು ಊರಿನಲ್ಲಿ ಸಂಶೋಧನೆ ಮಾಡಿದ ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ಹೇಳಿದರೆ ಉಳಿದ ವಿಶ್ವವಿದ್ಯಾಲಯಗಳವರು ತಾವು ಪಾರಾದೆವೆಂದು ಭಾವಿಸಿಯಾರು. ಎಂ.ಎ. ವಿದ್ಯಾರ್ಥಿಗಳ ಇಂಟರ್ನಲ್ಸ್ ತಿದ್ದಿ ಅಂಕಪಟ್ಟಿ ಮಾಡುವುದು, ಗೈಡ್ ಊರಲ್ಲಿ ಇಲ್ಲದಾಗ ಅವರ ಪಾಠ ಮುಂದುವರಿಸುವುದು, ಇವನ್ನು ಶೈಕ್ಷಣಿಕ ಕೆಲಸವೆಂದೇ ಒಪ್ಪೋಣ. ಆದರೆ ವಿಭಾಗದಲ್ಲೊಂದು ರಾಷ್ಟ್ರೀಯ ವಿಚಾರ ಸಂಕಿರಣ ನಿಗದಿಯಾಯಿತೆಂದರೆ ನಮ್ಮೆಲ್ಲರ ಸಂಶೋಧನೆ ತಿಂಗಳುಗಟ್ಟಲೆ ನಿಂತುಹೋಗುತ್ತಿತ್ತು. ಬ್ಯಾನರ್ ಮಾಡಿಸುವುದು, ಶಾಲು, ಹಾರ, ಹಣ್ಣಿನ ಬುಟ್ಟಿ ತರುವುದು, ಪ್ರಾರ್ಥನೆ ಹಾಡುವವರನ್ನು ಹುಡುಕುವುದು, ಸಂಪನ್ಮೂಲ ವ್ಯಕ್ತಿಗಳನ್ನು ರೈಲು ನಿಲ್ದಾಣದಿಂದ ಅತಿಥಿಗೃಹಕ್ಕೆ ಕರೆತಂದು ಕೊನೆಯಲ್ಲಿ ಅವರ ಪ್ರಯಾಣ ಭತ್ಯೆಯ ಫಾರಂಗೆ ಸಹಿ ಹಾಕಿಸುವುದು, ಇಷ್ಟನ್ನೂ ಮಾಡಿದವರ ಹೆಸರು ವಂದನಾರ್ಪಣೆಯಲ್ಲಿ ‘ವಿಭಾಗದ ಎಲ್ಲ ಸಂಶೋಧನಾ ವಿದ್ಯಾರ್ಥಿಗಳು’ ಎಂದು ಒಂದೇ ಉಸಿರಿನಲ್ಲಿ ಮುಗಿಯುತ್ತಿತ್ತು. ವಿಶ್ವವಿದ್ಯಾಲಯದ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆಂದರಂತೂ ಐದು ವರ್ಷಗಳ ಕಡತಗಳನ್ನು ಹೊಸದಾಗಿ ಜೋಡಿಸುವ ಹೊಣೆ, ಗ್ರಂಥಾಲಯದಲ್ಲಿ ಕೂತಿರಬೇಕಾದವರ ತಲೆಗೇ ಬರುತ್ತಿತ್ತು. ನನ್ನ ಸಹಪಾಠಿಯೊಬ್ಬ ಗೈಡ್ ಮನೆಯ ಕರೆಂಟ್ ಬಿಲ್ ಕಟ್ಟುವ ಸಾಲಿನಲ್ಲಿ ನಿಂತೇ ತನ್ನ ಮಹಾಪ್ರಬಂಧದ ಒಂದಿಡೀ ಅಧ್ಯಾಯದ ಟಿಪ್ಪಣಿಗಳನ್ನು ಮಾಡಿಕೊಂಡ. ಇದನ್ನು ಅವನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

ಯಾರೂ ನಮ್ಮನ್ನು ಬಲವಂತ ಮಾಡಿದ್ದಲ್ಲ. ಬಲವಂತ ಮಾಡುವ ಅಗತ್ಯವೇ ಬೀಳುತ್ತಿರಲಿಲ್ಲ. ಕೆಲಸ ಎಷ್ಟೆಂದು ಎಲ್ಲಿಯೂ ಬರೆದಿರದಿದ್ದಾಗ ಅದು ಗೈಡ್ ಸ್ವಭಾವಕ್ಕೆ ತಕ್ಕಂತೆ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಪಕ್ಕದ ಕೊಠಡಿಯ ಸಾಧು ಗೈಡ್ ಬಳಿ ನೋಂದಾಯಿಸಿಕೊಂಡಿದ್ದವನೊಬ್ಬ ಹಾಜರಿಗೆ ಸಹಿ ಹಾಕುವ ದಿನ ಬಿಟ್ಟರೆ ಕ್ಯಾಂಪಸ್ಸಿನಲ್ಲಿ ಕಾಣಿಸಿಕೊಳ್ಳುತ್ತಲೇ ಇರಲಿಲ್ಲ. ವಿಚಿತ್ರವೆಂದರೆ ಆರು ತಿಂಗಳಿಗೊಮ್ಮೆ ಸಲ್ಲಿಸುವ ಪ್ರಗತಿ ವರದಿಯ ಮೇಲೆ ಅವನಿಗೂ, ಕರೆಂಟ್ ಬಿಲ್ಲಿನ ಗೆಳೆಯನಿಗೂ, ನನಗೂ ಬರುತ್ತಿದ್ದ ಷರಾ ಒಂದೇ: ‘ಪ್ರಗತಿ ತೃಪ್ತಿಕರವಾಗಿದೆ.’

ನಾನು ಹೇಳಬೇಕೆಂದಿರುವುದೆಲ್ಲ ಈ ಷರಾದಲ್ಲಿ ಅಡಗಿದೆ. ನಮ್ಮಲ್ಲಿ ಸಂಶೋಧನೆಯ ಗುಣಮಟ್ಟ ಕುಸಿಯಿತು ಎಂದು ಮರುಗುವವರು ಕೃತಿಚೌರ್ಯದ ಬಗ್ಗೆ, ಹಣ ಕೊಟ್ಟರೆ ಲೇಖನ ಅಚ್ಚುಹಾಕುವ ಪತ್ರಿಕೆಗಳ ಬಗ್ಗೆ ಮಾತನಾಡುತ್ತಾರೆ. ಕೆಲಸಕ್ಕೆ ಮಿತಿಯಿಲ್ಲದಿರುವುದಕ್ಕೂ ಓದಿಗೆ ಮಟ್ಟವಿಲ್ಲದಿರುವುದಕ್ಕೂ ಇರುವ ನಂಟನ್ನು ಯಾರೂ ಎತ್ತುವುದಿಲ್ಲ. ತನ್ನ ಮನೆಯ ಬಿಲ್ ಕಟ್ಟಿಬಂದ ಹುಡುಗನಿಗೆ ‘ನಿನ್ನ ಮೂರನೆಯ ಅಧ್ಯಾಯ ಸರಿಯಿಲ್ಲ, ಮತ್ತೆ ಬರೆ’ ಎಂದು ಹೇಳಲು ಗೈಡ್‌ಗೆ ಬಾಯಿ ಬರುವುದಾದರೂ ಹೇಗೆ? ವಿಭಾಗಕ್ಕಾಗಿ ದುಡಿದವನೆಂಬ ಋಣ ಅಡ್ಡ ಬರುತ್ತದೆ. ಹುಡುಗನಿಗೂ ಅದು ಗೊತ್ತು. ಅಧ್ಯಾಯ ತಿದ್ದುವುದಕ್ಕಿಂತ ಸಂಕಿರಣದಲ್ಲಿ ಓಡಾಡುವುದು ಪದವಿಗೆ ಹತ್ತಿರದ ದಾರಿ ಎಂದು ಅವನೂ ಎಣಿಸಿರುತ್ತಾನೆ. ಹೀಗೆ ಸೇವೆಯೇ ಪಾಂಡಿತ್ಯದ ಜಾಗದಲ್ಲಿ ಸದ್ದಿಲ್ಲದೆ ಕುಳಿತುಬಿಡುತ್ತದೆ.

ಇಲ್ಲಿ ಅಸಿಸ್ಟೆಂಟ್‌ಶಿಪ್ ಉಳಿಯಬೇಕಾದರೆ 4ರ ಮಾಪನದಲ್ಲಿ ಸರಾಸರಿ 3.0 ಕಾಯ್ದುಕೊಳ್ಳಬೇಕೆಂಬುದು ಬಹುತೇಕ ವಿಶ್ವವಿದ್ಯಾಲಯಗಳ ನಿಯಮ. ಎಂದರೆ ಬಿ ದರ್ಜೆಯೇ ನೆಲಗಟ್ಟು. ಒಂದು ಬಿ ಮೈನಸ್ ಬಂದರೂ ಅದನ್ನು ಸರಿದೂಗಿಸಲು ಬೇರೊಂದು ವಿಷಯದಲ್ಲಿ ಹೆಚ್ಚು ಪಡೆಯಲೇಬೇಕು. ನಮ್ಮ ವಿಭಾಗದಲ್ಲಿ ವಿದ್ಯಾರ್ಥಿಗಳೆಲ್ಲ ಹೊಗಳುತ್ತಿದ್ದ ಟಿ.ಎ. ಒಬ್ಬನಿದ್ದ. ಅವನ ಸ್ವಂತ ಓದು ಹಿಂದೆ ಬಿದ್ದು ಸರಾಸರಿ 3.0ಕ್ಕಿಂತ ಕೆಳಗಿಳಿಯಿತು. ಮೊದಲ ಸೆಮಿಸ್ಟರಿಗೆ ಎಚ್ಚರಿಕೆಯ ಪತ್ರ ಬಂತು. ಮುಂದಿನ ಸೆಮಿಸ್ಟರಿನಲ್ಲೂ ಸುಧಾರಿಸದಿದ್ದಾಗ ವಿಭಾಗದ ಮುಖ್ಯಸ್ಥರು ಅವನನ್ನು ಕರೆದು, ಅವನಷ್ಟು ಒಳ್ಳೆಯ ಟಿ.ಎ. ಸಿಗುವುದು ಕಷ್ಟವೆಂದು ಹೇಳಿ, ನೇಮಕವನ್ನು ಮುಂದುವರಿಸಲಿಲ್ಲ. ನಮ್ಮಲ್ಲಾಗಿದ್ದರೆ ‘ಪಾಪ, ಒಳ್ಳೆಯ ಹುಡುಗ’ ಎಂಬ ಒಂದೇ ಮಾತಿನಲ್ಲಿ ಅವನು ಉಳಿದುಕೊಳ್ಳುತ್ತಿದ್ದ. ಇಲ್ಲಿನ ಪ್ರಾಧ್ಯಾಪಕನಿಗೆ ಬರಬೇಕಾದ 20 ಗಂಟೆ ಬಂದಿದೆ, ವಿದ್ಯಾರ್ಥಿಗೆ ಸಲ್ಲಬೇಕಾದ ಸಂಬಳ ಸಂದಿದೆ. ಬಾಕಿ ಯಾರ ಕಡೆಯೂ ಇಲ್ಲ. ಬಾಕಿ ಇಲ್ಲದಿರುವುದರಿಂದಲೇ ಅಂಕ ಕೊಡುವ ಕೈ ನಡುಗುವುದಿಲ್ಲ.

ಇದನ್ನು ಅಮೆರಿಕದ ಪ್ರಾಧ್ಯಾಪಕರ ಒಳ್ಳೆಯತನವೆಂದು ತಿಳಿಯಬೇಕಾಗಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕ್ಯಾಂಪಸ್ಸಿನಲ್ಲಿ 1966ರಷ್ಟು ಹಿಂದೆಯೇ ಟಿ.ಎ.ಗಳು ಸಂಘ ಕಟ್ಟಿಕೊಂಡರು. 1970ರಲ್ಲಿ ಮುಷ್ಕರ ಹೂಡಿ ಆಡಳಿತದೊಂದಿಗೆ ಒಪ್ಪಂದ ಮಾಡಿಕೊಂಡರು. ಖಾಸಗಿ ವಿಶ್ವವಿದ್ಯಾಲಯಗಳ ಟಿ.ಎ.ಗಳೂ ನೌಕರರೇ ಎಂದು ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ತೀರ್ಪಿತ್ತದ್ದು 2016ರಷ್ಟು ಈಚೆಗೆ. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಮಂದಿ ಶೈಕ್ಷಣಿಕ ಸಿಬ್ಬಂದಿ ಮುಷ್ಕರಕ್ಕಿಳಿದಾಗ ಅವರಲ್ಲಿ ಪಾಠ ಹೇಳುವ, ಪ್ರಯೋಗಾಲಯದಲ್ಲಿ ದುಡಿಯುವ ವಿದ್ಯಾರ್ಥಿಗಳ ದೊಡ್ಡ ಪಾಲೇ ಇತ್ತು. ಕಾಗದದ ಮೇಲಿನ ಗಂಟೆಗಳು ಜಗಳವಾಡಿ ಪಡೆದವು. ನಮ್ಮಲ್ಲಿಯೂ ಸಂಶೋಧನಾರ್ಥಿಗಳು ಬೀದಿಗಿಳಿದಿದ್ದಾರೆ, ಆದರೆ ಹೆಚ್ಚಾಗಿ ಶಿಷ್ಯವೇತನದ ಮೊತ್ತಕ್ಕಾಗಿ ಅಥವಾ ಅದು ತಡವಾದುದಕ್ಕಾಗಿ. ಯಾವ ಕೆಲಸ ನಮ್ಮದು, ಯಾವುದು ನಮ್ಮದಲ್ಲ ಎಂಬ ಪ್ರಶ್ನೆಯನ್ನಿಟ್ಟುಕೊಂಡು ಘೋಷಣೆ ಕೂಗಿದ್ದನ್ನು ನಾನು ಕೇಳಿಲ್ಲ.

ನಿಯಮವೇ ಇಲ್ಲವೆಂದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿಯನ್ನು ತೆರೆದು ನೋಡಿ: ಸಂಶೋಧನಾರ್ಥಿಗಳಿಗೆ ಟ್ಯುಟೋರಿಯಲ್, ಪ್ರಯೋಗಾಲಯ, ಮೌಲ್ಯಮಾಪನದಂಥ ಕೆಲಸವನ್ನು ವಾರಕ್ಕೆ 4ರಿಂದ 6 ಗಂಟೆ ವಹಿಸಬಹುದು ಎಂದು ಅದರಲ್ಲಿದೆ. ಕೋರ್ಸ್‌ವರ್ಕ್‌ನಲ್ಲಿ ಶೇಕಡಾ 55 ಅಂಕ ಬರಬೇಕು, ಪ್ರತಿ ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಹಾಜರಾಗಿ ಕೆಲಸದ ವಿವರ ಒಪ್ಪಿಸಬೇಕು ಎಂದೂ ಇದೆ. ಅಮೆರಿಕದ 20 ಗಂಟೆಗೆ ಹೋಲಿಸಿದರೆ 4ರಿಂದ 6 ಗಂಟೆ ಎಂಬುದು ಔದಾರ್ಯವೇ ಸರಿ. ಆದರೆ ಊರಿನಲ್ಲಿ ಈಗ ಸಂಶೋಧನೆ ಮಾಡುತ್ತಿರುವ ಹುಡುಗರನ್ನು ವಿಚಾರಿಸಿದಾಗ, ತಮ್ಮ ಪಾಲಿನ ಗಂಟೆಗಳನ್ನು ಬರೆದ ಒಂದು ಹಾಳೆಯನ್ನು ಕಣ್ಣಾರೆ ಕಂಡೆ ಎಂದವರು ಒಬ್ಬರೂ ಸಿಗಲಿಲ್ಲ. ಒಬ್ಬಳಂತೂ, ‘ಅಣ್ಣಾ, ಅದನ್ನೆಲ್ಲ ಕೇಳಿ ನಾನು ಗೈಡ್ ಎದುರು ಹಾಕಿಕೊಳ್ಳಲಾ?’ ಎಂದು ನನ್ನನ್ನೇ ಗದರಿಸಿದಳು.

ಇಷ್ಟು ಬರೆದ ಮೇಲೆ, ಮನಸ್ಸಿಲ್ಲದಿದ್ದರೂ, ಇಲ್ಲಿನ ವ್ಯವಸ್ಥೆಯ ಇನ್ನೊಂದು ಮುಖವನ್ನೂ ಹೇಳಬೇಕು. 20 ಗಂಟೆಯ ಮಾತು ಪಾಠ ಹೇಳುವವರಿಗೆ ಅನ್ವಯವಾಗುವಷ್ಟು ಪ್ರಯೋಗಾಲಯದ ಸಂಶೋಧನಾ ಸಹಾಯಕರಿಗೆ ಆಗುವುದಿಲ್ಲ. ಪ್ರಾಧ್ಯಾಪಕರ ಅನುದಾನದ ಕೆಲಸವೂ ತನ್ನ ಮಹಾಪ್ರಬಂಧದ ಕೆಲಸವೂ ಒಂದೇ ಆಗಿರುವವನು ಭಾನುವಾರ ರಾತ್ರಿ ಪ್ರಯೋಗಾಲಯದಲ್ಲಿದ್ದರೆ ಅದು ಯಾರ ಲೆಕ್ಕಕ್ಕೆ ಸೇರಬೇಕು? ವಿದೇಶಿ ವಿದ್ಯಾರ್ಥಿಗೆ ಆ 20 ಗಂಟೆ ಬೇಲಿಯೂ ಹೌದು. ತರಗತಿಗಳು ನಡೆಯುವ ಅವಧಿಯಲ್ಲಿ ಎಫ್-1 ವೀಸಾದವರು ಕ್ಯಾಂಪಸ್ಸಿನಲ್ಲಿ ಅದಕ್ಕಿಂತ ಹೆಚ್ಚು ದುಡಿಯುವಂತಿಲ್ಲ. ಮೇಲೆ ಹೇಳಿದ ಟಿ.ಎ. ಅಮೆರಿಕದವನಾಗಿದ್ದರಿಂದ ಒಂದು ವರ್ಷ ಹೊರಗೆ ದುಡಿದು ಮತ್ತೆ ಬಂದು ಸೇರಿಕೊಂಡ. ಅದೇ ಗತಿ ನಮ್ಮ ಹುಡುಗನಿಗೆ ಬಂದಿದ್ದರೆ, ಶುಲ್ಕ ವಿನಾಯಿತಿ ಹೋಗಿ, ಪೂರ್ಣಾವಧಿ ದಾಖಲಾತಿಗೆ ಹಣವಿಲ್ಲದೆ, ವೀಸಾ ಕಳೆದುಕೊಂಡು ವಿಮಾನ ಹತ್ತಬೇಕಾಗುತ್ತಿತ್ತು. ನಡುಗದ ಕೈಯನ್ನು ಹೊಗಳುವಾಗ ಇದನ್ನು ಮರೆಯುವುದು ಸುಲಭ.

ಜೆಆರ್‌ಎಫ್ (ಕಿರಿಯ ಸಂಶೋಧನಾ ಶಿಷ್ಯವೇತನ) ವಿಷಯದಲ್ಲಂತೂ ನಮ್ಮದೇ ಮೇಲು ಎಂದು ಒಪ್ಪಲೇಬೇಕು. ರಾಷ್ಟ್ರಮಟ್ಟದ ನೆಟ್ ಅರ್ಹತಾ ಪರೀಕ್ಷೆಯಲ್ಲಿ ಗೆದ್ದವನ ಹೆಸರಿಗೇ ಆ ಶಿಷ್ಯವೇತನ ಸೇರಿದ್ದು. 2023ರ ಜನವರಿಯಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಶಾಸನಗಳನ್ನು ಓದುತ್ತೇನೆಂದು ಕೂತವನು ಯಾವ ಪ್ರಾಧ್ಯಾಪಕನ ಅನುದಾನಕ್ಕೂ ಕಾಯದೆ, ಮೊದಲ ವರ್ಷದ ಪದವಿ ವಿದ್ಯಾರ್ಥಿಗಳ ಪುಸ್ತಿಕೆಗಳ ರಾಶಿಯನ್ನು ತಿದ್ದದೆ ಓದಬಹುದಾದ ಸ್ವಾತಂತ್ರ್ಯ ಅದು. ಇಲ್ಲಿ ಇತಿಹಾಸ ಓದುವವರಲ್ಲಿ ಅಂಥ ಭಾಗ್ಯವಂತರು ವಿರಳ. ಹಣ ನಮ್ಮದೇ ಆಗಿದ್ದೂ ಅದು ಕೈಗೆ ಬರಲು ಗೈಡ್ ಸಹಿ ಬೇಕಾಗುವುದರಿಂದ ಆ ಸ್ವಾತಂತ್ರ್ಯ ಅರ್ಧಕ್ಕೇ ನಿಲ್ಲುತ್ತದೆ, ಅಷ್ಟೇ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಾನು ಇಷ್ಟು ಹೊತ್ತು ಹಳಿದ ಅದೇ ಸಂಕಿರಣಗಳ ಪೈಕಿ ಒಂದಕ್ಕೆ ಬಂದಿದ್ದ ಹಿರಿಯ ಶಾಸನತಜ್ಞರೊಬ್ಬರನ್ನು ರೈಲು ನಿಲ್ದಾಣದಿಂದ ಆಟೋದಲ್ಲಿ ಕರೆತರುವಾಗ, ಶಕವರ್ಷಕ್ಕೂ ಸಂವತ್ಸರದ ಹೆಸರಿಗೂ ತಾಳೆಯಾಗದೆ ನನ್ನನ್ನು ಕಾಡುತ್ತಿದ್ದ ಒಂದು ಶಾಸನದ ತೇದಿಯ ಬಗ್ಗೆ ಕೇಳಿದೆ. ಬರೆದವನು ಗತವರ್ಷ ಎಣಿಸಿದ್ದಾನೋ ವರ್ತಮಾನ ವರ್ಷ ಎಣಿಸಿದ್ದಾನೋ ಮೊದಲು ನೋಡಪ್ಪ ಎಂದು ಶುರುಮಾಡಿದ ಅವರು, ಅತಿಥಿಗೃಹದ ಮುಂದೆ ಆಟೋ ನಿಂತ ಮೇಲೂ ಇಳಿಯದೆ, ಅಂಥ ತೇದಿಗಳನ್ನು ಬಿಡಿಸುವ ಬಗೆಯನ್ನು ಪೂರ್ತಿ ಹೇಳಿಕೊಟ್ಟರು. ಇಲ್ಲಿ ಅಂಥ ವಿದ್ವಾಂಸರ ಜೊತೆ ಮಾತನಾಡಬೇಕಾದರೆ ಅವರ ಕ್ಯಾಲೆಂಡರಿನಲ್ಲಿ ಅರ್ಧ ಗಂಟೆಯ ಜಾಗ ಹುಡುಕಬೇಕು. ಹಾಗಾದರೆ ಅತಿಥಿಗಳನ್ನು ಕರೆತರುವ ಕೆಲಸವನ್ನೂ ಸಂಶೋಧನಾರ್ಥಿಯ ಪಟ್ಟಿಯಲ್ಲಿ ಸೇರಿಸಲಿ, ಅದರ ಎದುರು ಎರಡು ಗಂಟೆ ಎಂದು ಬರೆಯಲಿ, ಆಟೋ ಬಾಡಿಗೆಯನ್ನು ಮಾತ್ರ ವಿಭಾಗವೇ ಕೊಡಲಿ. ಆವತ್ತು ಅದನ್ನು ಕೊಟ್ಟವನು ನಾನು.